ರೂಟರ್ ಯಂತ್ರವೂ ವಿಡಿಯಾ ಹಲ್ಲೂ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು, ಈಗ ನಿವೃತ್ತನಾಗಿ ಮಾದನಾಯಕನಹಳ್ಳಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಒಂದು ಪ್ರಶ್ನೆ ಕೇಳಿದನು. ಮೊಮ್ಮಗಳಿಗೆ ಪುಸ್ತಕದ ಕಪಾಟೊಂದನ್ನು ತನ್ನ ಕೈಯಿಂದಲೇ ಮಾಡಿಕೊಡಬೇಕೆಂಬ ಆಸೆ ಅವನಿಗೆ. ಹತ್ತು ಸಾವಿರ ರೂಪಾಯಿ ಎತ್ತಿಟ್ಟಿದ್ದಾನೆ. ಅದಕ್ಕಿಂತ ಹೆಚ್ಚು ತೆಗೆಯಲು ಮನೆಯ ಲೆಕ್ಕ ಒಪ್ಪದು. “ಮೇಷ್ಟ್ರೇ, ಯಾವ ರೂಟರ್ ಕೊಳ್ಳಲಿ?” ಎಂಬುದು ಅವನ ಪ್ರಶ್ನೆ. ಇತಿಹಾಸ ಕಲಿಸಿದವನು ಎಲ್ಲ ಪ್ರಶ್ನೆಗೂ ಇತಿಹಾಸದಲ್ಲಿಯೇ ಉತ್ತರ ಹುಡುಕುವನೆಂಬುದು ನನ್ನ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ.

ಇಂದಿನ ಮಕ್ಕಳಿಗೆ ರೂಟರ್ ಎಂದರೆ ಮನೆಗೆ ಇಂಟರ್ನೆಟ್ ಹಂಚುವ ಪೆಟ್ಟಿಗೆ. ನಾನು ಹೇಳುತ್ತಿರುವುದು ಮರಗೆಲಸದ ರೂಟರಿನ ವಿಷಯ. ವಿದ್ಯುತ್ ಮೋಟಾರಿನ ತುದಿಗೆ ಸಣ್ಣದೊಂದು ಹಲ್ಲನ್ನು ಸಿಕ್ಕಿಸಿ, ಅತಿ ವೇಗದಿಂದ ತಿರುಗಿಸಿ, ಹಲಗೆಯಲ್ಲಿ ಜಾಡು ತೋಡುವ, ಅಂಚನ್ನು ಉರುಟಾಗಿಸುವ ಉಪಕರಣ ಅದು. ಕಪಾಟಿನ ಅಡ್ಡ ಹಲಗೆ ಪಕ್ಕದ ಹಲಗೆಯೊಳಗೆ ಬಿಗಿಯಾಗಿ ಕೂರಬೇಕಾದರೆ ಜಾಡು ಬೇಕು. ಆ ಜಾಡನ್ನು ನಮ್ಮ ಬಡಗಿಗಳು ತಲೆತಲಾಂತರದಿಂದ ಉಳಿ ಕೊಡತಿಗಳಿಂದ ತೋಡುತ್ತ ಬಂದವರು. ಮೈಸೂರಿನ ಬೀಟೆ ಮರದ ಕೆಲಸದಲ್ಲಿ ಹೂಬಳ್ಳಿಗಳನ್ನು ಹುದುಗಿಸುವುದಕ್ಕೆ ಮೊದಲು ಅವುಗಳ ಆಕಾರಕ್ಕೆ ಸರಿಯಾಗಿ ಮರವನ್ನು ಕೊರೆಯುತ್ತಾರೆ. ಜಾಡಿನ ತಳ ಎಲ್ಲೆಡೆ ಒಂದೇ ಆಳಕ್ಕಿರಬೇಕು ಎಂಬುದೇ ಇಂಥ ಕೆಲಸದ ಕಷ್ಟ.

ಈ ಕಷ್ಟಕ್ಕೆ ಇಂಗ್ಲೆಂಡಿನ ಬಡಗಿಗಳು ಕಂಡುಕೊಂಡಿದ್ದ ಉಪಾಯ ಸರಳವಾದದ್ದು. ಮರದ ತುಂಡೊಂದರ ನಡುವೆ ಒಂದೇ ಒಂದು ಉಳಿಯನ್ನು ನಿಲ್ಲಿಸಿ ಹಲಗೆಯ ಮೇಲೆ ತಳ್ಳುತ್ತಿದ್ದರು. ಆ ಒಂಟಿಹಲ್ಲಿನ ಉಪಕರಣಕ್ಕೆ ಅವರು ಇಟ್ಟ ಹೆಸರು ‘ಮುದುಕಿಯ ಹಲ್ಲು’. 1880ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್ಲಿ ಕಂಪನಿಯು ಅದನ್ನೇ ಲೋಹದಲ್ಲಿ ಮಾಡಿ ಮಾರಿತು. ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಯಾರ್ಕ್ ಸಂಸ್ಥಾನದ ಸಿರಾಕ್ಯೂಸ್ ನಗರದ ಆರ್. ಎಲ್. ಕಾರ್ಟರ್ ಎಂಬಾತನು ಕ್ಷೌರಿಕರ ವಿದ್ಯುತ್ ಕತ್ತರಿಯ ಭಾಗವೊಂದನ್ನು ಹಲ್ಲಾಗಿ ಮಸೆದು ಮೋಟಾರಿಗೆ ಜೋಡಿಸಿದನೆಂದು ಹೇಳುತ್ತಾರೆ. ಅವನ ಉದ್ಯಮವನ್ನು 1929ರಲ್ಲಿ ಸ್ಟ್ಯಾನ್ಲಿಯೇ ಕೊಂಡಿತು. ಮೋಟಾರನ್ನು ಮೇಲಿನಿಂದ ಕೆಳಕ್ಕೆ ಒತ್ತಿ ಹಲ್ಲನ್ನು ಮರದೊಳಕ್ಕೆ ಇಳಿಸುವ ಬಗೆಯ ರೂಟರನ್ನು 1950ರ ಸುಮಾರಿಗೆ ಜರ್ಮನಿಯ ಎಲು ಕಂಪನಿಯು ತಂದಿತು. ಅಲ್ಲಿಂದೀಚೆಗೆ ಪೆಟ್ಟಿಗೆಯಲ್ಲಿ ಸುಧಾರಣೆಗಳಾಗಿವೆಯೇ ಹೊರತು ಮೂಲತತ್ತ್ವ ಬದಲಾಗಿಲ್ಲ.

ಬದಲಾದದ್ದು ಹಲ್ಲು. ಈ ಕಥೆ ನಮ್ಮ ತುಮಕೂರು ರಸ್ತೆಗೂ ಸೇರಿದ್ದು.

ವಿದ್ಯುದ್ದೀಪದೊಳಗಿನ ಟಂಗ್‌ಸ್ಟನ್ ತಂತಿಯನ್ನು ಕೂದಲಿನಷ್ಟು ಸಣ್ಣಗೆ ಎಳೆಯಬೇಕಾದರೆ ಅದನ್ನು ವಜ್ರದಲ್ಲಿ ಕೊರೆದ ರಂಧ್ರದ ಮೂಲಕ ಹಾಯಿಸಬೇಕಾಗಿತ್ತು. ವಜ್ರ ದುಬಾರಿ. ಅದಕ್ಕೆ ಅಗ್ಗದ ಬದಲಿಯನ್ನು ಹುಡುಕುತ್ತಿದ್ದ ಜರ್ಮನಿಯ ಓಸ್ರಾಮ್ ದೀಪ ಕಂಪನಿಯಲ್ಲಿ ಕಾರ್ಲ್ ಶ್ರೋಟರ್ ಎಂಬಾತನು ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟ್ ವರ್ಗದ ಲೋಹದೊಡನೆ ಬೆರೆಸಿ, ಒತ್ತಿ, ಕಾಯಿಸಿ, ಅತಿ ಗಟ್ಟಿಯಾದ ವಸ್ತುವೊಂದನ್ನು ಪಡೆದನು. ಅದರ ಪೇಟೆಂಟ್ 1923ರದು. ಕೆಲವೇ ವರ್ಷಗಳಲ್ಲಿ ಕ್ರುಪ್ ಕಂಪನಿಯು ಅದನ್ನು ಮಾರುಕಟ್ಟೆಗೆ ತಂದಿತು. ‘ವಜ್ರದಂತೆ’ ಎಂಬ ಅರ್ಥದ ಎರಡು ಜರ್ಮನ್ ಪದಗಳನ್ನು ಕತ್ತರಿಸಿ ಕೂಡಿಸಿ ಇಟ್ಟ ಹೆಸರು ‘ವಿಡಿಯಾ’.

1964ರಲ್ಲಿ ವಿಡಿಯಾ ಇಂಡಿಯಾ ಕಂಪನಿ ಸ್ಥಾಪನೆಯಾಯಿತು. ತುಮಕೂರು ರಸ್ತೆಯ ಎಂಟು–ಒಂಬತ್ತನೆಯ ಮೈಲಿಯ ನಡುವೆ ಅದರ ಕಾರ್ಖಾನೆ ಎದ್ದಿತು. ಪೀಣ್ಯದ ಕೈಗಾರಿಕಾ ವಸಾಹತು ಬೆಳೆದದ್ದು ಅದರ ಮುಂದಿನ ದಶಕದಲ್ಲಿ. 2002ರಲ್ಲಿ ವಿಡಿಯಾ ಸಮೂಹವನ್ನು ಅಮೆರಿಕದ ಕೆನ್ನಾಮೆಟಲ್ ಕೊಂಡಿತು, ನಾಮಫಲಕ ಬದಲಾಯಿತು. ಆದರೆ ಕಾರ್ಮಿಕರ ಬಾಯಲ್ಲಿ ಕಾರ್ಬೈಡಿನ ಹಲ್ಲು ಇಂದಿಗೂ ‘ವಿಡಿಯಾ’ವೇ. ನನ್ನ ವಿದ್ಯಾರ್ಥಿ ಮೂವತ್ತು ವರ್ಷ ಉಕ್ಕನ್ನು ಕೆತ್ತಿದ್ದು ಇದರಿಂದಲೇ.

ಮರಕ್ಕೆ ಇಷ್ಟು ಗಟ್ಟಿ ಹಲ್ಲೇಕೆ ಎಂದು ಕೇಳಬಹುದು. ತೇಗ, ಹಲಸು, ಹೊನ್ನೆಗಳಿಗೆ ಮಸೆದ ಉಕ್ಕು ಸಾಲದೆ ಇರಲಿಲ್ಲ. ಆದರೆ ಇಂದು ಮನೆಗಳಲ್ಲಿ ಕಪಾಟಾಗುವುದು ಬಹುಮಟ್ಟಿಗೆ ಪ್ಲೈವುಡ್ಡು, ಒತ್ತಿದ ನಾರಿನ ಹಲಗೆ. ಇದೇ ತುಮಕೂರು ರಸ್ತೆಯ ಯಶವಂತಪುರದ ಬಳಿ ಪ್ಲೈವುಡ್ ಸಂಶೋಧನೆಗೆಂದೇ 1962ರಲ್ಲಿ ಸಂಸ್ಥೆಯೊಂದು ಸ್ಥಾಪನೆಯಾಯಿತೆಂಬುದನ್ನು ನೆನೆದರೆ ಕಾಲ ಯಾವ ಕಡೆ ತಿರುಗುತ್ತಿತ್ತೆಂಬುದು ತಿಳಿಯುತ್ತದೆ. ಪ್ಲೈವುಡ್ಡಿನ ಪದರಗಳ ನಡುವೆ ಇರುವ ಗಟ್ಟಿಯಾದ ಅಂಟು ಸಾಧಾರಣ ಉಕ್ಕಿನ ಹಲ್ಲನ್ನು ಬೇಗನೆ ಮೊಂಡಾಗಿಸುತ್ತದೆ. ಮೊಂಡು ಹಲ್ಲು ಮರವನ್ನು ಕತ್ತರಿಸದೆ ಸುಡುತ್ತದೆ. ಕೆಲಸಗಾರನು ಬಲವಾಗಿ ಒತ್ತುತ್ತಾನೆ. ಅಪಘಾತ ಅಲ್ಲಿಂದ ಆರಂಭ.

ಆದ್ದರಿಂದ ನನ್ನ ಉತ್ತರ ಇಷ್ಟೆ: ಉಳಿತಾಯ ಮಾಡುವುದಾದರೆ ಪೆಟ್ಟಿಗೆಯಲ್ಲಿ ಮಾಡು, ಹಲ್ಲಿನಲ್ಲಿ ಮಾಡಬೇಡ.

ಮನೆಗೆಲಸಕ್ಕೆ ಒಂದು ಕೈಯಲ್ಲಿ ಹಿಡಿಯಬಹುದಾದ, ಅಂಗಡಿಯವರು ಟ್ರಿಮ್ಮರ್ ಎನ್ನುವ ಸಣ್ಣ ರೂಟರ್ ಸಾಕು. ಮಕಿಟಾದ 3709 ಮಾದರಿ 530 ವಾಟ್, ನಿಮಿಷಕ್ಕೆ 30,000 ಸುತ್ತು. ಬಾಷ್‌ನ ಜಿಕೆಎಫ್ 550 ಸುಮಾರು ಅದೇ ಶಕ್ತಿಯದು, 33,000 ಸುತ್ತು. ಇಂಥವು ಸುಮಾರು ಐದಾರು ಸಾವಿರಕ್ಕೆ ಸಿಗುತ್ತವೆ. ಎರಡು ಮೂರು ಸಾವಿರದವೂ ಇವೆ. ಅವುಗಳನ್ನು ಕೊಳ್ಳುವುದಾದರೆ ಹಲ್ಲಿನ ಕಾಂಡವನ್ನು ಹಿಡಿಯುವ ಕಾಲೆಟ್ ಎಂಬ ಭಾಗ ನೆಟ್ಟಗಿದೆಯೇ, ಬಿಡಿಭಾಗ ಊರಿನಲ್ಲಿ ದೊರೆಯುತ್ತದೆಯೇ ಎಂದು ನೋಡಬೇಕು. ಲೇತ್ ಬಲ್ಲವನಿಗೆ ಓಲಾಟದ ವಿಷಯ ನಾನು ಹೇಳಬೇಕಾಗಿಲ್ಲ. 1300 ವಾಟಿಗೆ ಮೇಲ್ಪಟ್ಟ ದೊಡ್ಡ ರೂಟರ್ ಬಾಗಿಲು ಚೌಕಟ್ಟಿನ ಕೆಲಸದವರಿಗೆ.

ಕಾಂಡದ ಅಳತೆಯಲ್ಲಿ ಇತಿಹಾಸದ ಕೊಕ್ಕೆಯೊಂದಿದೆ. ನಮ್ಮ ದೇಶ ಮೆಟ್ರಿಕ್ ಕಾಯಿದೆ ಮಾಡಿದ್ದು 1956ರಲ್ಲಿ. ಆದರೂ ಅಂಗುಲ ಇನ್ನೂ ಹೋಗಿಲ್ಲ. ಕಾಲು ಅಂಗುಲವೆಂದರೆ 6.35 ಮಿಲಿಮೀಟರ್. ಆ ಅಳತೆಯ ಕಾಲೆಟ್‌ನಲ್ಲಿ 6 ಮಿಲಿಮೀಟರ್ ಕಾಂಡವನ್ನು ಸಿಕ್ಕಿಸಿದರೆ ತಿರುಗುತ್ತಿರುವಾಗಲೇ ಹಲ್ಲು ಜಾರಿ ಹೊರಬರಬಹುದು. ಕೊಳ್ಳುವಾಗ ಎರಡನ್ನೂ ಅಳೆದು ಒಂದೇ ಅಳತೆಯವನ್ನು ಕೊಳ್ಳಬೇಕು.

ಇನ್ನೊಂದು ಲೆಕ್ಕ. 30,000 ಸುತ್ತಿನಲ್ಲಿ 6 ಮಿಲಿಮೀಟರ್ ಅಗಲದ ಹಲ್ಲಿನ ಅಂಚು ಗಂಟೆಗೆ ಸುಮಾರು 34 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಅದೇ ಸುತ್ತಿನಲ್ಲಿ 50 ಮಿಲಿಮೀಟರ್ ಅಗಲದ ಹಲ್ಲನ್ನು ತಿರುಗಿಸಿದರೆ ಅದು 283 ಕಿಲೋಮೀಟರ್! ಸಣ್ಣ ಯಂತ್ರಕ್ಕೆ ದೊಡ್ಡ ಹಲ್ಲು ಸಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೇರ ಜಾಡಿಗೆ ಒಂದು, ಅಂಚಿನ ಸಮಕ್ಕೆ ಬೇರಿಂಗ್ ಇರುವುದೊಂದು, ಉರುಟು ಅಂಚಿಗೆ ಒಂದು — ಒಳ್ಳೆಯ ಕಾರ್ಬೈಡಿನ ಮೂರು ಹಲ್ಲುಗಳು ಮೂವತ್ತು ಹಲ್ಲುಗಳ ಅಗ್ಗದ ಪೆಟ್ಟಿಗೆಗಿಂತ ಮೇಲು. ಆರು ಸಾವಿರ ಯಂತ್ರಕ್ಕೆ, ಎರಡು ಸಾವಿರ ಹಲ್ಲುಗಳಿಗೆ, ಉಳಿದ ಎರಡು ಸಾವಿರ ಹಲಗೆಯನ್ನು ಬಿಗಿಯುವ ಕ್ಲ್ಯಾಂಪು, ಕನ್ನಡಕ, ಕಿವಿಮುಚ್ಚಳ, ಮುಖವಾಡಗಳಿಗೆ ಎಂದು ಹಂಚಿಕೊಟ್ಟೆನು. ಮುಖವಾಡ ಆಡಂಬರವಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಹಲ್ಲು ಬದಲಿಸುವ ಮುನ್ನ ಪ್ಲಗ್ಗನ್ನು ಕೀಳಬೇಕು. ಒಂದೇ ಸಲಕ್ಕೆ ಆಳಕ್ಕಿಳಿಸದೆ ಎರಡು ಮೂರು ಮಿಲಿಮೀಟರಿನಂತೆ ಹಂತಹಂತವಾಗಿ ಇಳಿಸಬೇಕು. ಹಲಗೆಯ ಹೊರ ಅಂಚನ್ನು ಎದುರಿಗಿಟ್ಟುಕೊಂಡು ಎಡದಿಂದ ಬಲಕ್ಕೆ ಸಾಗಬೇಕು. ತಿರುಗಿ ಸಾಗಿದರೆ ಯಂತ್ರವೇ ನಮ್ಮನ್ನು ಎಳೆಯುತ್ತದೆ.

ಮಾದನಾಯಕನಹಳ್ಳಿಯ ಆಸುಪಾಸಿನಲ್ಲಿ ಈ ಕಥೆಯ ಮುಂದಿನ ಅಧ್ಯಾಯವೂ ನಡೆದಿದೆ. ನೆಲಮಂಗಲ ತಾಲ್ಲೂಕಿನ ಜಕ್ಕಸಂದ್ರದಲ್ಲಿ ಇಟಲಿಯ ಬಿಯೆಸ್ಸೆ ಕಂಪನಿಯು ಮರಗೆಲಸದ ಯಂತ್ರಗಳ ಕಾರ್ಖಾನೆ ಕಟ್ಟಿತು. ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದ ಇಂಡಿಯಾವುಡ್ ಪ್ರದರ್ಶನಗಳಲ್ಲಿ ಕಂಪ್ಯೂಟರಿನ ಆಜ್ಞೆಯಂತೆ ತಾನಾಗಿ ಜಾಡು ತೋಡುವ ರೂಟರುಗಳನ್ನು ಜನ ಕಂಡರು. ಅವುಗಳ ಬೆಲೆ ನಮ್ಮಂಥವರ ಮನೆಗೆ ಬರುವಂಥದಲ್ಲ. ಆದರೆ ಅವುಗಳ ತುದಿಯಲ್ಲಿಯೂ ತಿರುಗುವುದು ಕಾರ್ಬೈಡಿನ ಹಲ್ಲೇ. ವಜ್ರ ಕೊಳ್ಳಲಾರದವರು ಕಂಡುಹಿಡಿದ ಆ ಹಲ್ಲು ಇಂದು ಕೆಲವು ನೂರು ರೂಪಾಯಿಗೆ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಮಾತ್ರ ಚೌಕಾಸಿ ಮಾಡದೆ ಕೊಳ್ಳಿರಿ ಎಂಬುದು, ಮರಗೆಲಸದ ಹವ್ಯಾಸವುಳ್ಳ ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ನನ್ನ ಸಲಹೆ.