ಗಣಿತಸಾರಸಂಗ್ರಹದ ಒಂದು ಹಾರಸಂಖ್ಯೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಗ್ರಂಥದ ಆರಂಭದಲ್ಲಿ ನೃಪತುಂಗನ ಸ್ತುತಿಯಿದೆ. ಅನಂತರ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳ ಹೆಸರುಗಳು ಬರುತ್ತವೆ. ದೊಡ್ಡ ಸಂಖ್ಯೆಗಳಲ್ಲಿ ಆತನಿಗಿದ್ದ ಆಸಕ್ತಿ ಗುಣಾಕಾರದ ಉದಾಹರಣೆಗಳಲ್ಲಿಯೂ ಕಾಣುತ್ತದೆ. ಅವುಗಳಲ್ಲಿ ಒಂದು, 27994681ನ್ನು 441ರಿಂದ ಗುಣಿಸುವುದು. ಗುಣಲಬ್ಧ 12345654321. ಒಂದರಿಂದ ಆರರವರೆಗೆ ಏರಿ, ಮತ್ತೆ ಅದೇ ಕ್ರಮದಲ್ಲಿ ಇಳಿಯುವ ಈ ಬಗೆಯ ಫಲಗಳನ್ನು ಆತನು ಕಂಠಾಭರಣಕ್ಕೆ ಹೋಲಿಸಿದ್ದಾನೆ.

ಇದನ್ನು ಕೇವಲ ಅಂಕಚಮತ್ಕಾರವೆಂದು ಪರಿಗಣಿಸಿದರೆ ಅದರೊಳಗಿನ ಗಣಿತವು ಮರೆಯಾಗುತ್ತದೆ. ಈ ಸಂಖ್ಯೆಯು 111111ರ ವರ್ಗ. 111111ನ್ನು ಒಡೆದರೆ 3, 7, 11, 13, 37 ಎಂಬ ಅವಿಭಾಜ್ಯ ಅಪವರ್ತನಗಳು ದೊರೆಯುತ್ತವೆ. ಮೊದಲೆರಡರ ಗುಣಲಬ್ಧ 21, ಉಳಿದ ಮೂರರದು 5291. 21ರ ವರ್ಗವೇ 441. 5291ರ ವರ್ಗವೇ 27994681. ಅಂದರೆ ಉದಾಹರಣೆಯ ಗುಣ್ಯ, ಗುಣಕಗಳೆರಡೂ ವರ್ಗಸಂಖ್ಯೆಗಳು. ಇದು ಆಕಸ್ಮಿಕವೆನ್ನುವುದು ಕಷ್ಟ. ಮೊದಲು ಫಲವನ್ನು ನಿಶ್ಚಯಿಸಿ, ಬಳಿಕ ಅದನ್ನು ಒಡೆದು ಪ್ರಶ್ನೆಯನ್ನು ಕಟ್ಟಿರಬೇಕು.

ಹಾರವು ಆರಕ್ಕೇ ಏಕೆ ನಿಂತಿತು? ಒಂಬತ್ತು ಒಂದುಗಳ ವರ್ಗದವರೆಗೂ ಈ ಏರಿಳಿತ ಕೆಡುವುದಿಲ್ಲ. ಆದರೆ ಐದು ಒಂದುಗಳ ಸಂಖ್ಯೆ 41 ಮತ್ತು 271ರ ಗುಣಲಬ್ಧ. ಏಳು ಒಂದುಗಳದು 239 ಮತ್ತು 4649ರದು. ಇವುಗಳಿಂದ ವಿದ್ಯಾರ್ಥಿಗೆ ಕೊಡಬಹುದಾದ ಚಿಕ್ಕ ಗುಣಕ ದೊರೆಯದು. ಆರು ಒಂದುಗಳ ಸಂಖ್ಯೆಯಿಂದ ದೊರೆಯುತ್ತದೆ. ಇದೇ ಗ್ರಂಥದಲ್ಲಿ 152207ನ್ನು 73ರಿಂದ ಗುಣಿಸಿ ಎಂಟು ಒಂದುಗಳನ್ನೂ, 12345679ನ್ನು 9ರಿಂದ ಗುಣಿಸಿ ಒಂಬತ್ತು ಒಂದುಗಳನ್ನೂ ಪಡೆಯುವ ಉದಾಹರಣೆಗಳಿವೆ. ಇವನ್ನು ಒಟ್ಟಿಗೆ ಇರಿಸಿ ನೋಡಿದಾಗ, ಒಂದುಗಳಿಂದಲೇ ಆದ ಸಂಖ್ಯೆಗಳನ್ನು ಒಡೆಯುವ ಅಭ್ಯಾಸ ಗ್ರಂಥಕಾರನಿಗಿತ್ತೆಂಬ ಊಹೆಗೆ ಬಲ ಬರುತ್ತದೆ.

ಬೋಧನೆಯ ದೃಷ್ಟಿಯಿಂದಲೂ ಈ ಆಯ್ಕೆ ಅರ್ಥಪೂರ್ಣವಾದುದು. ಗುಣಾಕಾರದಲ್ಲಿ ಒಂದು ಸ್ಥಾನ ತಪ್ಪಿದರೂ ಹಾರದ ಕ್ರಮ ಕೆಡುತ್ತದೆ. ಗುರುವಿನ ನೆರವಿಲ್ಲದೆಯೇ ಶಿಷ್ಯನು ತನ್ನ ಲೆಕ್ಕವನ್ನು ಪರೀಕ್ಷಿಸಿಕೊಳ್ಳಬಹುದು.

ಇಷ್ಟರಿಂದ ಮಹಾವೀರಾಚಾರ್ಯನು ಇಂತಹ ಸಂಖ್ಯೆಗಳ ಸಿದ್ಧಾಂತವನ್ನೇ ರಚಿಸಿದ್ದನೆಂದು ಹೇಳಲಾಗದು. ಗ್ರಂಥವು ಉದಾಹರಣೆಯನ್ನು ಕೊಡುತ್ತದೆಯೇ ಹೊರತು ಅದನ್ನು ಕಟ್ಟಿದ ರೀತಿಯನ್ನು ವಿವರಿಸುವುದಿಲ್ಲ. ಆದರೆ ಸೂತ್ರಗಳನ್ನು ಮಾತ್ರ ಆಧಾರವಾಗಿಟ್ಟುಕೊಂಡು ಗಣಿತದ ಇತಿಹಾಸವನ್ನು ಬರೆದರೆ ಇಂತಹ ಅಂಶಗಳು ಕೈತಪ್ಪುತ್ತವೆ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಈ ಗ್ರಂಥವನ್ನು ಪ್ರಕಟಿಸಿದರು; 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಹೊರಬಂದಿತು. ಉದಾಹರಣೆಗಳನ್ನೂ ಸಾಕ್ಷ್ಯವೆಂದು ಓದುವ ಕೆಲಸಕ್ಕೆ ಬೇಕಾದ ಆಕರವು ಹೀಗೆ ಕನ್ನಡದಲ್ಲಿಯೇ ಒದಗಿದೆ.