ಮುಂಬಯಿಯ ಹಳೆಯ ಕಿಟಕಿಗಳು: ಬಿಸಿಲು-ಎರಚಲು ತಡೆಯುವ ಅಗ್ಗದ ಉಪಾಯಗಳ ಇತಿಹಾಸ

ಮುಂಬಯಿಯ ಹಳೆಯ ಮನೆಗಳಲ್ಲಿ ಕಿಟಕಿ ಭದ್ರಪಡಿಸುವುದೆಂದರೆ ಮುಖ್ಯವಾಗಿ ಪಡುವಣದ ಬಿಸಿಲನ್ನೂ ಮಳೆಯ ಎರಚಲನ್ನೂ ತಡೆಯುವುದು. ಚಳಿಯ ಕಾಟ ಅಪರೂಪ: ಸಾಂತಾಕ್ರೂಜ್‌ನಲ್ಲಿ 1962ರ ಜನವರಿ 22ರಂದು ಉಷ್ಣತೆ 7.4 ಡಿಗ್ರಿಗೆ ಇಳಿದದ್ದು ಇಂದಿಗೂ ನೆನಪಿಸಿಕೊಳ್ಳುವ ದಾಖಲೆ.

1673ರಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್ ಕಂಡದ್ದು ತೆಂಗಿನ ಗರಿ ಹೊದಿಸಿದ ತಗ್ಗು ಮನೆಗಳನ್ನು. ಹಂಚು ಹೊದಿಸಿದ ಕೆಲವೇ ಕಟ್ಟಡಗಳ ಕಿಟಕಿಗಳಲ್ಲಿ ಗಾಜಿನ ಬದಲು ಸಿಂಪಿಯ ಚಿಪ್ಪುಗಳಿದ್ದುವು. ಬಿಸಿಲಿನ ಉರಿ ಸೋಸಿ ಬೆಳಕನ್ನಷ್ಟೇ ಒಳಬಿಡುವ ಆ ಚಿಪ್ಪಿನ ಜಾಣ್ಮೆ ನಗರಕ್ಕೆ ಮರೆತುಹೋದದ್ದು ನಿಜವಾದ ನಷ್ಟ. ಮುಂದೆ ಸಾಗುವಾನಿಯ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ ಕದಗಳು ಬಂದುವು. ಸಾಹೇಬರ ಬಂಗಲೆಗಳಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸುತ್ತಿದ್ದರು. ಒಣ ಹವೆಯ ಊರುಗಳಲ್ಲಿ ತಂಪೆರೆಯುವ ಈ ತಟ್ಟಿ ಕಡಲ ತೇವದ ನಡುವೆ ಅಷ್ಟು ಫಲಿಸದು.

1896ರ ಪ್ಲೇಗಿನ ನಂತರ, 1898ರಲ್ಲಿ ಸ್ಥಾಪನೆಯಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಗಾಳಿ ಬೆಳಕಿಗೆ ಒತ್ತು ಕೊಟ್ಟು ಚಾಳುಗಳನ್ನು ಕಟ್ಟಿಸಿತು. ಆದರೆ ಅಗ್ಗದ ಉಪಾಯಗಳನ್ನು ಮನೆಮನೆಗೆ ತಂದದ್ದು ಬಾಡಿಗೆಯ ಕಾನೂನು ಎನ್ನಬೇಕು. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆದಾರರು ಉಳಿದುಕೊಂಡರು, ಮಾಲೀಕರು ರಿಪೇರಿಯನ್ನು ಕೈಬಿಟ್ಟರು. 1969ರ ಕಾನೂನಿನಿಂದ ಬಂದ ರಿಪೇರಿ ಮಂಡಳಿಯ ಗಮನವೆಲ್ಲ ಕುಸಿಯುವ ತೊಲೆ, ಗೋಡೆಗಳ ಮೇಲೆ. ಕಿಟಕಿ ಮನೆಯವರ ಪಾಲಿಗೇ ಉಳಿಯಿತು.

ಹಾಗಾಗಿ ಮೇ ತಿಂಗಳ ಕೊನೆ ಬಂತೆಂದರೆ ಕೆಲಸ ಶುರು. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿ ಮಾಡಿದ ಪುಟ್ಟಿಯನ್ನು ಗಾಜಿನ ಅಂಚಿಗೆ ಹೆಬ್ಬೆರಳಲ್ಲಿ ಒತ್ತುತ್ತಾರೆ. ಬಿಸಿಲಿಗೆ ಅದು ಬಿರಿಯುವುದರಿಂದ ಆಗಾಗ ಹೊಸದಾಗಿ ತುಂಬಬೇಕು. ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಕದದ ಕೆಳಅಂಚಿಗೆ ಮೊಳೆ ಹೊಡೆದರೆ ಎರಚಲು ಅಲ್ಲೇ ನಿಲ್ಲುತ್ತದೆ. ಮಳೆಗೆ ಉಬ್ಬಿ ಬಿಗಿದ ಕದವನ್ನು ಕೀಸುವ ಅವಸರ ಮಾಡಬಾರದು. ಒಣಗಿದಾಗ ಅಷ್ಟೇ ಸಂದು ಬಿಡುತ್ತದೆ. ಮೇಣದಬತ್ತಿ ಉಜ್ಜಿದರೆ ಸಾಕು. ಹೊರಗೆ ಬಿದಿರಿಗೆ ಕಟ್ಟುವ ತಾಡಪತ್ರಿಯ ಹೆಸರಿನಲ್ಲಿ ಇಂಗ್ಲಿಷಿನ ‘ಟಾರ್ಪಾಲಿನ್’ ತಾಳೆಗರಿಯ ವೇಷ ತೊಟ್ಟಿದೆ. ಊರಲ್ಲಿ ಜಗಲಿಗೆ ಮಡಲಿನ ತಟ್ಟಿ ಕಟ್ಟಿ ಬಲ್ಲ ಕರಾವಳಿಯ ಕನ್ನಡಿಗರಿಗೆ ಈ ಕೆಲಸ ಹೊಸದೇನಲ್ಲ.

1930ರ ದಶಕದ ಮರೀನ್ ಡ್ರೈವ್ ಕಟ್ಟಡಗಳಲ್ಲಿ ಕಿಟಕಿಯ ಮೇಲೆ ಹುಬ್ಬಿನಂತೆ ಚಾಚಿದ ಛಜ್ಜಾ ಬಿಸಿಲು ಮಳೆ ಎರಡನ್ನೂ ತಡೆಯುತ್ತದೆ. ಆ ಕಾಲದ ಉಕ್ಕಿನ ಚೌಕಟ್ಟುಗಳಿಗೆ ಮಾತ್ರ ಉಪ್ಪುಗಾಳಿಯೇ ಶತ್ರು. ತುಕ್ಕು ಕೆರೆದು ಬಣ್ಣ ಬಳಿಯದಿದ್ದರೆ ಪುಟ್ಟಿ ನಿಲ್ಲದು. 2018ರಲ್ಲಿ ಯುನೆಸ್ಕೊ ಈ ಕಟ್ಟಡಗಳನ್ನೂ ಒಳಗೊಂಡ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಉಪನಗರಗಳಲ್ಲಿ ಹರಡಿದ ಅಲ್ಯೂಮಿನಿಯಂ ಜಾರುಕಿಟಕಿಗಳ ಕಾಲುವೆಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಎರಚಲಿಗೆಂದು ಹಳೆಯ ಸೀರೆ ತುರುಕಿದರೆ ಅವು ಮುಚ್ಚಿ ನೀರು ಒಳಗೇ ಇಳಿಯುತ್ತದೆ. ಮೊದಲು ಆ ತೂತುಗಳಿಗೆ ಕಡ್ಡಿ ಹಾಕಿ ಮಣ್ಣು ತೆಗೆದು, ಬಟ್ಟೆಯನ್ನು ಒಳಬದಿಯ ಅಂಚಿನಲ್ಲಿ ಇಡಬೇಕು.