ಮುಡಿ ಅಕ್ಕಿಯಿಂದ ದತ್ತಿನಿಧಿಗೆ – ವೃದ್ಧಾಶ್ರಯಕ್ಕೆ ದಾನ ಹರಿದುಬಂದ ಬಗೆ

ಶ್ರೀ ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದ ಹತ್ತನೆಯ ಸರ್ಗದಲ್ಲಿ ಬರುವ ಈಶ್ವರದೇವನ ಪ್ರಸಂಗ ಮಾಧ್ವರಿಗೆಲ್ಲ ಪರಿಚಿತವಾದುದು. ಪ್ರಜೆಗಳ ಹಿತಕ್ಕಾಗಿ ಕೆರೆ ತೋಡಿಸುತ್ತಿದ್ದ ಈ ಅರಸನು ದಾರಿಯಲ್ಲಿ ಹೋಗುವವರನ್ನು ಹಿಡಿದು ಅಗೆಯಲು ಹಚ್ಚುತ್ತಿದ್ದನು. ಬದರೀಯಾತ್ರೆಗೆ ಹೊರಟಿದ್ದ ಶ್ರೀಮದಾಚಾರ್ಯರನ್ನೂ ಅವರ ಶಿಷ್ಯರನ್ನೂ ತಡೆದು ಅಗೆಯುವಂತೆ ಆಜ್ಞಾಪಿಸಿದನು. ಅಗೆಯುವ ಕ್ರಮವನ್ನು ನೀನೇ ಮೊದಲು ತೋರಿಸೆಂದು ಆಚಾರ್ಯರು ಹೇಳಲು, ಹಾರೆ ಹಿಡಿದ ಅರಸನಿಗೆ ಅದನ್ನು ಕೆಳಗಿಡಲಾಗಲಿಲ್ಲ, ಅಗೆಯುತ್ತಲೇ ಉಳಿದನು. ಈ ಅರಸನನ್ನು ದೇವಗಿರಿಯ ಯಾದವ ಮಹಾದೇವನೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ ಪ್ರಸಂಗ ನಡೆದುದು ಇಂದಿನ ಮಹಾರಾಷ್ಟ್ರದ ನೆಲದಲ್ಲಿ, 13ನೆಯ ಶತಮಾನದಲ್ಲಿ. ಕೆರೆ ತೋಡಿಸುವುದು ಪುಣ್ಯಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಪರರ ಬೆವರನ್ನು ಬಲಾತ್ಕಾರದಿಂದ ಪಡೆದು ಪುಣ್ಯವನ್ನು ತನ್ನ ಹೆಸರಿಗೆ ಬರೆಸಿಕೊಳ್ಳುವುದು ದಾನವಾಗದು. ದಾನಸಂಸ್ಥೆಗಳ ಇತಿಹಾಸವನ್ನು ನೋಡುವಾಗ ಈ ಪ್ರಸಂಗವನ್ನು ಮರೆಯುವಂತಿಲ್ಲ.

ನಮ್ಮ ಧರ್ಮಶಾಸ್ತ್ರಗಳು ಸತ್ಕರ್ಮಗಳನ್ನು ಇಷ್ಟ ಮತ್ತು ಪೂರ್ತ ಎಂದು ಎರಡಾಗಿ ವಿಂಗಡಿಸುತ್ತವೆ. ಯಜ್ಞಯಾಗಾದಿಗಳು ಇಷ್ಟ, ಬಾವಿ, ಕೆರೆ, ದೇವಾಲಯ, ಅನ್ನದಾನ, ಉದ್ಯಾನ ಮೊದಲಾದುವು ಪೂರ್ತ. ಈ ಪಟ್ಟಿಯಲ್ಲಿ ವೃದ್ಧಾಶ್ರಮವೆಂಬುದು ಇಲ್ಲ. ಇದರಿಂದ ಹಿಂದಿನವರಿಗೆ ವೃದ್ಧರ ಚಿಂತೆ ಇರಲಿಲ್ಲವೆಂದು ತಿಳಿಯಬಾರದು. ಅವಿಭಕ್ತ ಕುಟುಂಬದಲ್ಲಿ ಮುದುಕರಿಗೆ ಒಂದು ಮೂಲೆ, ಒಂದು ಹೊತ್ತಿನ ಗಂಜಿ ಇದ್ದೇ ಇರುತ್ತಿತ್ತು. ಅದೂ ಇಲ್ಲದವರಿಗೆ ಮಠ, ದೇವಸ್ಥಾನ, ಛತ್ರಗಳಿದ್ದವು. ಉಡುಪಿಯ ಅನ್ನದಾನದ ಪರಂಪರೆ ಇಂಥ ಎಷ್ಟೋ ದಿಕ್ಕಿಲ್ಲದ ಜೀವಗಳನ್ನು ಅವುಗಳ ಹೆಸರು ಕೇಳದೆ ಸಲಹಿದೆ. ಪರ್ಯಾಯಕ್ಕೆ ಮುನ್ನ ನಡೆಯುವ ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂಬ ನಾಲ್ಕು ಮುಹೂರ್ತಗಳನ್ನು ಗಮನಿಸಿದರೆ ಎರಡು ವರ್ಷಗಳ ಪೂಜಾಧಿಕಾರದ ಸಿದ್ಧತೆಯೆಲ್ಲ ಊಟದ ಸಿದ್ಧತೆಯಿಂದಲೇ ಆರಂಭವಾಗುವುದು ಕಾಣುತ್ತದೆ.

ಈ ಅನ್ನಕ್ಕೆ ಮೂಲ ಯಾವುದು? ತುಳುನಾಡಿನ ಶಾಸನಗಳನ್ನು ಓದಿದವರಿಗೆ ಉತ್ತರ ಸ್ಪಷ್ಟ. ಅರಸರು, ಬಲ್ಲಾಳರು, ಸ್ಥಿತಿವಂತ ಗೃಹಸ್ಥರು ನಗದನ್ನು ಕೊಡುತ್ತಿದ್ದುದು ಕಡಿಮೆ, ಕೊಡುತ್ತಿದ್ದುದು ಭೂಮಿಯನ್ನು. ಆ ಭೂಮಿಯ ಗೇಣಿ ಅಕ್ಕಿಯನ್ನು ಮುಡಿ, ಹಾನೆಗಳ ಲೆಕ್ಕದಲ್ಲಿ ಗೊತ್ತುಮಾಡಿ, ಇಷ್ಟು ಜನರ ಭೋಜನಕ್ಕೆ, ಇಂಥ ಪರ್ವದ ಸಂತರ್ಪಣೆಗೆ ಎಂದು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ನಾಣ್ಯದ ಬೆಲೆ ಏರಿದರೂ ಇಳಿದರೂ ಒಂದು ಮುಡಿ ಅಕ್ಕಿ ಒಂದು ಮುಡಿ ಅಕ್ಕಿಯೇ ಆಗಿರುತ್ತಿತ್ತು. ಸೂರ್ಯಚಂದ್ರರಿರುವವರೆಗೆ ನಡೆಯಲೆಂದು ಬರೆಸಿದ ದಾನಕ್ಕೆ ಇದಕ್ಕಿಂತ ಭದ್ರವಾದ ಬುನಾದಿ ಆ ಕಾಲದಲ್ಲಿ ಬೇರೊಂದಿರಲಿಲ್ಲ.

ಕರ್ನಾಟಕ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಈ ಬುನಾದಿ ಕದಲಿತು. ಗೇಣಿದಾರರೇ ಭೂಮಿಯ ಒಡೆಯರಾದರು. ತಲೆಮಾರುಗಳಿಂದ ಉತ್ತು ಬಿತ್ತಿದವರಿಗೆ ಅದು ನ್ಯಾಯವಾಗಿ ಸಲ್ಲಬೇಕಾದುದೇ ಆಗಿತ್ತೆಂಬುದನ್ನು ಒಪ್ಪಬೇಕು. ಆದರೆ ಮಠ ದೇವಸ್ಥಾನಗಳ ಉಗ್ರಾಣಕ್ಕೆ ಬರುತ್ತಿದ್ದ ಗೇಣಿ ಅಕ್ಕಿ ನಿಂತುಹೋಯಿತು. ಗೇಣಿಯನ್ನೇ ನಂಬಿದ್ದ ಅನೇಕ ಬ್ರಾಹ್ಮಣ ಕುಟುಂಬಗಳ ವೃದ್ಧರ ಆಸರೆಯೂ ನಿಂತಿತು. ಮಕ್ಕಳು ಮುಂಬಯಿ, ಮದರಾಸು, ಬೆಂಗಳೂರಿನ ದಾರಿ ಹಿಡಿದರು. ಮೊದಲೇ ಹೊರಟಿದ್ದವರಿಗೆ ಊರಿಗೆ ಮರಳುವ ಕಾರಣವೇ ಇಲ್ಲದಾಯಿತು. ಭೂದಾನದ ಯುಗ ಮುಗಿದು ರೂಪಾಯಿಯ ದಾನದ ಯುಗ ಪೂರ್ಣಪ್ರಮಾಣದಲ್ಲಿ ಆರಂಭವಾದುದು ಇಲ್ಲಿಂದ.

ಮುಂಬಯಿಗೆ ರೂಪಾಯಿಯ ದಾನ ಹೊಸತಲ್ಲ. 1834ರಲ್ಲಿ ಸರ್ ಜಮ್‌ಶೆಟ್‌ಜಿ ಜೀಜೀಭಾಯಿ ಮತ್ತು ಅಮೀಚಂದ್ ಶಾ ಅವರ ಮುಂದಾಳುತನದಲ್ಲಿ ಇಲ್ಲಿ ಪಾಂಜರಾಪೋಳ ಸ್ಥಾಪನೆಯಾಯಿತು. ವಯಸ್ಸಾದ, ನಿರುಪಯೋಗಿಯಾದ ದನಕರುಗಳಿಗೆ ಅದು ಕೊನೆಗಾಲದ ಆಸರೆ. ಮುದಿ ಹಸುವಿಗಾಗಿ ಈ ನಗರ ವ್ಯವಸ್ಥಿತ ಸಂಸ್ಥೆಯೊಂದನ್ನು ಕಟ್ಟಿದ ಕಾಲಕ್ಕೆ, ಮುದಿ ಮನುಷ್ಯನಿಗೆ ಅಂಥದು ಬೇಕಾದೀತೆಂದು ನಮ್ಮ ಸಮಾಜಗಳಲ್ಲಿ ಯಾರೂ ಎಣಿಸಿರಲಿಲ್ಲವೆಂಬುದು ಸೋಜಿಗದ ಸಂಗತಿ. ಪಶ್ಚಿಮ ಭಾರತದ ಪಾಂಜರಾಪೋಳಗಳಿಗೆ ಹಣ ಒದಗಿದ ರೀತಿಯೂ ಗಮನಾರ್ಹ. ವರ್ತಕರು ತಮ್ಮ ವ್ಯಾಪಾರದ ಪ್ರತಿ ಮೂಟೆಯ ಮೇಲೆ ‘ಲಾಗಾ’ ಎಂಬ ಸಣ್ಣ ಮೊತ್ತವನ್ನು ತಾವೇ ವಿಧಿಸಿಕೊಳ್ಳುತ್ತಿದ್ದರು. ಇದೇ ಬಗೆಯ ‘ಧರ್ಮಾದಾ’ ಪದ್ಧತಿಯನ್ನು ಮುಂದೆ 1950ರ ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯಿದೆಯ 54ನೆಯ ಕಲಂ ಹೆಸರು ಹಿಡಿದೇ ಗುರುತಿಸಿತು: ಧರ್ಮಕಾರ್ಯಕ್ಕೆಂದು ಗಿರಾಕಿಯಿಂದ ಪಡೆದ ಹಣ ವರ್ತಕನ ಸ್ವಂತದ್ದಲ್ಲ, ಆತ ಅದಕ್ಕೆ ಟ್ರಸ್ಟಿ ಮಾತ್ರ.

ಮನುಷ್ಯರ ವೃದ್ಧಾಶ್ರಮಗಳು ಭಾರತಕ್ಕೆ ಬಹುಮಟ್ಟಿಗೆ ಅನ್ಯಧರ್ಮೀಯರ ಮೂಲಕ ಬಂದವು. ಪುಣೆಯಲ್ಲಿ ಡೇವಿಡ್ ಸಸೂನರ ಹೆಸರಿನ ಅಶಕ್ತರ ಆಶ್ರಮ 1860ರ ದಶಕದ್ದು. ಫ್ರಾನ್ಸಿನಲ್ಲಿ 1839ರಲ್ಲಿ ಝಾನ್ ಜುಗಾನ್ ಎಂಬಾಕೆ ಅಂಧ ವೃದ್ಧೆಯೊಬ್ಬಳನ್ನು ತನ್ನ ಮನೆಗೆ ತಂದಿಟ್ಟುಕೊಂಡದ್ದರಿಂದ ಬೆಳೆದ ಕ್ರೈಸ್ತ ಸಂನ್ಯಾಸಿನಿಯರ ಸಂಘ 1882ರಲ್ಲಿ ಕಲ್ಕತ್ತೆಗೆ ಬಂದಿತು. ಈ ಸಂನ್ಯಾಸಿನಿಯರು ಮನೆಮನೆಗೆ ಹೋಗಿ ಬೇಡಿ ತಂದು ವೃದ್ಧರನ್ನು ಸಾಕುವ ವ್ರತದವರು. ಮಧುಕರವೃತ್ತಿಯನ್ನು ಬಲ್ಲ ನಮ್ಮವರಿಗೆ ಇದು ಅಪರಿಚಿತವೆನಿಸಬೇಕಾಗಿಲ್ಲ.

ವಿಲೆ ಪಾರ್ಲೆಯಲ್ಲಿ ಸಾರ್ವಜನಿಕ ಸೇವೆಯ ಹವೆ ಮೊದಲಿನಿಂದಲೂ ಇತ್ತು. ಲೋಕಮಾನ್ಯ ಟಿಳಕರು 1920ರಲ್ಲಿ ತೀರಿಕೊಂಡ ಮೇಲೆ ಅವರ ಸ್ಮರಣೆಯಲ್ಲಿ 1921ರಲ್ಲಿ ಪಾರ್ಲೆ ಟಿಳಕ ವಿದ್ಯಾಲಯವೂ 1923ರಲ್ಲಿ ಲೋಕಮಾನ್ಯ ಸೇವಾ ಸಂಘವೂ ಇಲ್ಲಿ ಹುಟ್ಟಿದವು. 1930ರ ಉಪ್ಪಿನ ಸತ್ಯಾಗ್ರಹದ ಶಿಬಿರವೂ ಇಲ್ಲಿ ನಡೆಯಿತು. 1950ರಲ್ಲಿ ಉಪನಗರವು ಮುಂಬಯಿ ನಗರಪಾಲಿಕೆಯ ಎಲ್ಲೆಯೊಳಗೆ ಸೇರಿತು. ಅದೇ ವರ್ಷ ಮೇಲೆ ಹೇಳಿದ ಟ್ರಸ್ಟ್ ಕಾಯಿದೆಯೂ ಬಂದುದು ಆಕಸ್ಮಿಕ. ಪಾರ್ಲೆಯ ಆಚೀಚೆಗೆ, ಸಾಂತಾಕ್ರೂಜ್‌ನಲ್ಲಿ ಶ್ರೀ ಪೇಜಾವರ ಮಠದ ಶಾಖೆ, ಅಂಧೇರಿಯಲ್ಲಿ ಶ್ರೀ ಅದಮಾರು ಮಠದ ಶಾಖೆ ನೆಲೆಗೊಂಡು ಈ ಭಾಗ ಮಾಧ್ವ ಕುಟುಂಬಗಳಿಗೆ ಸಹಜವಾದ ನೆಲೆಯಾಯಿತು.

ಆದರೆ ಎಲ್ಲರೂ ಕುಟುಂಬ ಸಮೇತರಾಗಿ ಬಂದವರಲ್ಲ. ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡರ ವಯಸ್ಸಿನಲ್ಲಿ ಹೊರಟು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಹೋಟೆಲಿನ ಅಟ್ಟದಲ್ಲೇ ಮಲಗಿ, ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರ್ ಕಳುಹಿಸಿದವರ ಸಂಖ್ಯೆ ಸಣ್ಣದಲ್ಲ. ಅವರಲ್ಲಿ ಕೆಲವರು ಮಾಲೀಕರಾದರು. ಹಲವರು ಅಡಿಗೆಯವರಾಗಿಯೇ, ಗಲ್ಲೆಯ ಬಳಿಯ ಗುಮಾಸ್ತರಾಗಿಯೇ ಉಳಿದರು. ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ತಮ್ಮ ಮದುವೆಯ ವಯಸ್ಸು ಮೀರಿತು. ಕೈ ನಡುಗತೊಡಗಿದ ದಿನ ಕೆಲಸದೊಡನೆ ಮಲಗುವ ಜಾಗವೂ ಹೋಯಿತು. ಊರಿನ ಮನೆ ಪಾಲಾಗಿತ್ತು. ಇನ್ನೊಂದು ಕಡೆ, ಮಕ್ಕಳನ್ನು ಚೆನ್ನಾಗಿ ಓದಿಸಿ ಅಮೆರಿಕೆಗೆ ಕಳುಹಿಸಿದ ಬ್ಯಾಂಕ್ ನಿವೃತ್ತರು. ಇವರಿಗೆ ಹಣವಿದೆ, ಸ್ವಂತ ಮನೆಯಿದೆ, ರಾತ್ರಿ ಎದೆನೋವು ಬಂದರೆ ಬಾಗಿಲು ತೆರೆಯುವವರಿಲ್ಲ. ಮೊದಲಿನವರ ಸಂಕಟವನ್ನು ಸಮಾಜ ಬಹುಕಾಲ ಕಂಡೂ ಕಾಣದಂತಿತ್ತು, ಎರಡನೆಯವರ ಸಂಕಟ ಬಂದ ಮೇಲೆಯೇ ವೃದ್ಧಾಶ್ರಮದ ಮಾತು ಸಭೆಗಳಲ್ಲಿ ಗಟ್ಟಿಯಾಗಿ ಕೇಳಿಬಂದಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

1925ರಲ್ಲಿ ಸ್ಥಾಪಿತವಾದ ಬಾಂಬೆ ಸೌತ್ ಕೆನರಾ ಬ್ರಾಹ್ಮಣರ ಸಂಘ, ಅಂದರೆ ಸಾಯನ್‌ನ ‘ಗೋಕುಲ’ದ ಬಿ.ಎಸ್.ಕೆ.ಬಿ. ಅಸೋಸಿಯೇಶನ್, ನವಿಮುಂಬಯಿಯ ನೆರೂಳ್‌ನಲ್ಲಿ ‘ಆಶ್ರಯ’ವೆಂಬ ಹಿರಿಯರ ವಸತಿಯನ್ನು ಕಟ್ಟಿದುದು ಈ ಹಿನ್ನೆಲೆಯಲ್ಲಿ. ಊರಿನಿಂದ ಬರುವ ಹುಡುಗರ ಸಂಕಷ್ಟಗಳನ್ನು ಕಂಡ ತಲೆಮಾರಿನ ಸಂಘವೇ ಆ ಹುಡುಗರ ವಾರ್ಧಕ್ಯಕ್ಕೂ ಜಾಗ ಮಾಡಬೇಕಾಗಿ ಬಂದಿತು.

ಇಂಥ ಆಶ್ರಮಗಳಿಗೆ ದಾನ ಬರುವ ಬಗೆಗಳಲ್ಲಿ ಹಳೆಯದರ ಗುರುತು ಉಳಿದೇ ಇದೆ. ಅತ್ಯಂತ ಪ್ರಿಯವಾದುದು ಒಂದು ದಿನದ ಊಟ. ತಂದೆತಾಯಿಗಳ ಪುಣ್ಯತಿಥಿಗೋ ಮಗುವಿನ ಹುಟ್ಟುಹಬ್ಬಕ್ಕೋ ಆ ದಿನದ ವೆಚ್ಚ ಕೊಡುವುದು. ಹಳೆಯ ಸಂತರ್ಪಣೆಯೇ ಇದು. ಪದಾರ್ಥರೂಪದ ದಾನವೂ ಹೊರೆಕಾಣಿಕೆಯ ಮುಂದುವರಿಕೆ. ಇಲ್ಲಿ ಒಂದು ಮಾತು: ಕೊಡುವವರು ಅಡಿಗೆಮನೆಯನ್ನು ಕೇಳಿ ಕೊಟ್ಟರೆ ಉತ್ತಮ. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತದಲ್ಲಿ ತರಕಾರಿಯ ಬುಟ್ಟಿಗಳೂ, ಮೂರನೆಯ ತಿಂಗಳು ಕ್ಷೀರವ್ರತದಲ್ಲಿ ಹಾಲಿನ ಕ್ಯಾನುಗಳೂ ಬಂದರೆ ವ್ರತನಿಷ್ಠರಾದ ಹಿರಿಯರು ಅವನ್ನು ಮುಟ್ಟುವಂತಿಲ್ಲ. ಏಕಾದಶಿಯಂದು ಬಿದ್ದ ಹುಟ್ಟುಹಬ್ಬದ ಸಿಹಿಯೂಟದ ಕಥೆಯೂ ಅಷ್ಟೇ. ಔಷಧಿ, ಒಗೆಯುವವರ ಸಂಬಳ, ರಾತ್ರಿಯ ದಾದಿಯ ಸಂಬಳ, ಲಿಫ್ಟಿನ ದುರಸ್ತಿ ಇವುಗಳಿಗೆ ತಿಥಿಯೂ ಇಲ್ಲ, ದಾನಿಗಳೂ ವಿರಳ.

ಮಠಗಳ ಶಾಶ್ವತಪೂಜೆಯ ಮಾದರಿಯಲ್ಲಿ ಬಂದುದು ದತ್ತಿನಿಧಿ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಪ್ರತಿವರ್ಷ ಸೇವೆ ನಡೆಸುವುದು ಇದರ ತತ್ತ್ವ. ಮುಡಿ ಅಕ್ಕಿಗೂ ಇದಕ್ಕೂ ಇರುವ ಅಂತರ ಇಲ್ಲೇ ತಿಳಿಯುತ್ತದೆ. 1990ರ ದಶಕದ ನಡುವೆ ಬ್ಯಾಂಕುಗಳ ಮುದ್ದತು ಠೇವಣಿಗೆ ಶೇಕಡಾ 12ರ ಆಸುಪಾಸು ಬಡ್ಡಿ ದೊರೆಯುತ್ತಿತ್ತು. 10,000 ರೂಪಾಯಿಯ ನಿಧಿಯಿಂದ ವರ್ಷಕ್ಕೆ 1,200 ರೂಪಾಯಿ. 2020ರ ಹೊತ್ತಿಗೆ ದರ ಶೇಕಡಾ ಐದೂವರೆಯ ಸುಮಾರಿಗೆ ಇಳಿಯಿತು; ಅದೇ ನಿಧಿಯಿಂದ 550 ರೂಪಾಯಿ. ಈ ನಡುವೆ ಬೇಳೆಯ ಬೆಲೆ ಹಲವು ಪಟ್ಟು ಏರಿತ್ತು. ನಾಮಫಲಕದಲ್ಲಿ ‘ಶಾಶ್ವತ’ವೆಂಬ ಅಕ್ಷರ ಹಾಗೆಯೇ ಉಳಿದು, ಊಟದ ಬಾಕಿ ವೆಚ್ಚವನ್ನು ಸಂಸ್ಥೆ ಬೇರೆಡೆಯಿಂದ ತುಂಬಬೇಕಾಯಿತು. ಅಜ್ಜನು ಇಟ್ಟ ನಿಧಿಗೆ ಮೊಮ್ಮಕ್ಕಳು ಒಂದಿಷ್ಟು ಸೇರಿಸುವ ಪದ್ಧತಿಯಿರುವ ಮನೆತನಗಳ ದತ್ತಿಗಳು ಮಾತ್ರ ಜೀವಂತವಾಗಿವೆ.

ಕಾನೂನು ಕೂಡ ದಾನದ ಹಾದಿಯನ್ನು ತಿದ್ದಿದೆ. 1961ರ ಆದಾಯ ತೆರಿಗೆ ಕಾಯಿದೆಯ 80ಜಿ ಕಲಂ ಇಂಥ ಸಂಸ್ಥೆಗಳ ದಾನಿಗಳಿಗೆ ಸಾಮಾನ್ಯವಾಗಿ ಅರ್ಧಾಂಶದ ವಿನಾಯಿತಿ ನೀಡಿತು. ಅಕ್ಕಿ ಬಟ್ಟೆಗಳಿಗಲ್ಲ, ಹಣಕ್ಕೆ ಮಾತ್ರ. ಒಂದೇ ಜಾತಿ ಅಥವಾ ಮತದ ಹಿತಕ್ಕೆಂದು ಹೇಳಿಕೊಳ್ಳುವ ಸಂಸ್ಥೆಗೆ ಈ ಸೌಲಭ್ಯವಿಲ್ಲವಾದ್ದರಿಂದ, ಸಮಾಜದ ಸಂಘಗಳು ಸರ್ವರಿಗೂ ತೆರೆದ ಪ್ರತ್ಯೇಕ ಸಾರ್ವಜನಿಕ ಟ್ರಸ್ಟುಗಳನ್ನು ರಚಿಸುವುದುಂಟು. 2017ರಿಂದ 2,000 ರೂಪಾಯಿಗೆ ಮೀರಿದ ನಗದಿಗೆ ವಿನಾಯಿತಿ ನಿಂತಿತು. 2020ರಲ್ಲಿ ಬಂದ ಹೊಸ ತೆರಿಗೆ ಕ್ರಮವನ್ನು ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. 2025ರಲ್ಲಿ ಅಂಗೀಕಾರವಾದ ಹೊಸ ಕಾಯಿದೆಯನ್ನು 2026ರ ಏಪ್ರಿಲ್ 1ರಿಂದ ಅನ್ವಯಿಸಿದುದರಿಂದ ಕಲಮುಗಳ ಸಂಖ್ಯೆಗಳೂ ಬದಲಾಗಿವೆ.

ಗುಪ್ತದಾನದ ವಿಷಯ ಇನ್ನೂ ಸೂಕ್ಷ್ಮ. ಹೆಸರು ಹೇಳದೆ ಕೊಟ್ಟುದು ಶ್ರೇಷ್ಠವೆಂಬುದು ನಮ್ಮ ಹಿರಿಯರ ನಂಬಿಕೆ. 2006ರ ಹಣಕಾಸು ಕಾಯಿದೆಯಾದರೋ ಧರ್ಮಾದಾಯ ಸಂಸ್ಥೆಗಳು ಪಡೆವ ಅನಾಮಧೇಯ ದಾನಕ್ಕೆ ಶೇಕಡಾ 30ರ ತೆರಿಗೆಯನ್ನು ತಂದಿತು. 2009ರಲ್ಲಿ ಒಂದು ಮಿತಿಯವರೆಗೆ ಸಡಿಲಿಸಿತು. ಕೇವಲ ಧಾರ್ಮಿಕವಾದ ಟ್ರಸ್ಟುಗಳಿಗೆ ಇದು ತಗಲದು. ಹೀಗಾಗಿ ಮಠದ ಹುಂಡಿಯಲ್ಲಿ ಗುಪ್ತದಾನ ನಿರಾತಂಕ. ವೃದ್ಧಾಶ್ರಮದ ಪೆಟ್ಟಿಗೆಯಲ್ಲಿ ಅದೇ ನೋಟಿಗೆ ಲೆಕ್ಕ ಹೇಳಬೇಕು. ದಾನಿಯು ಕಚೇರಿಯ ಪುಸ್ತಕದಲ್ಲಿ ಹೆಸರು, ವಿಳಾಸ ಕೊಟ್ಟು, ಫಲಕದಲ್ಲಿ ಬರೆಸದಿರುವುದೇ ಈ ಕಾಲಕ್ಕೆ ಒಪ್ಪುವ ಗುಪ್ತದಾನ.

ಮನೆಯನ್ನೇ ಆಶ್ರಮಕ್ಕೆ ಬಿಟ್ಟುಹೋಗುವ ಸಂತಾನಹೀನ ದಂಪತಿಗಳೂ ಇದ್ದಾರೆ. ಬದುಕಿರುವಾಗಲೇ ದಾನಪತ್ರ ಬರೆದರೆ ಆ ಕ್ಷಣವೇ ಒಡೆತನ ಹೋಗುತ್ತದೆ. ಮರಣಶಾಸನ ಬರೆದರೆ ಕೊನೆಯವರೆಗೂ ಬದಲಿಸುವ ಸ್ವಾತಂತ್ರ್ಯವಿರುತ್ತದೆ, ಇಬ್ಬರು ಸಾಕ್ಷಿಗಳ ರುಜು ಬೇಕು. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನಿಂದ ಆಸ್ತಿ ಕೊಟ್ಟು ವಂಚಿತರಾದ ಹಿರಿಯರಿಗಾಗಿ 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಂ ಆ ವರ್ಗಾವಣೆಯನ್ನು ರದ್ದುಪಡಿಸಲು ದಾರಿ ಮಾಡಿತು. ಅದಕ್ಕೆ ಷರತ್ತು ಪತ್ರದಲ್ಲಿ ಬರೆದಿರುವುದು ಕ್ಷೇಮ. ಬಾಯಿಮಾತನ್ನು ನಂಬಿ ಕೊಟ್ಟ ಎಷ್ಟೋ ಮುದುಕರು ಆಶ್ರಮಗಳಿಗೆ ಬಂದು ಸೇರಿದ್ದಾರೆ.

ಸಂಸ್ಥೆಯ ಕಡೆಯ ಹೊಣೆಯೂ ಅಷ್ಟೇ ಬಿಗಿಯಾದುದು. 2012ರಲ್ಲಿ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯಿದೆಯೆಂದು ಹೆಸರು ಬದಲಾದ ಹಳೆಯ ಕಾಯಿದೆಯ 36ನೆಯ ಕಲಮಿನಂತೆ ದಾನಬಂದ ಸ್ಥಿರಾಸ್ತಿಯನ್ನು ಚಾರಿಟಿ ಕಮಿಷನರರ ಅನುಮತಿಯಿಲ್ಲದೆ ಟ್ರಸ್ಟಿಗಳು ಮಾರುವಂತಿಲ್ಲ. ದಾನದ ಮೂಲ ಉದ್ದೇಶ ನಡೆಯದಂತಾದರೆ ಅದಕ್ಕೆ ಸಮೀಪವಾದ ಇನ್ನೊಂದು ಉದ್ದೇಶಕ್ಕೆ ತಿರುಗಿಸಲು ಅದೇ ಕಾಯಿದೆಯಲ್ಲಿ ದಾರಿಯಿದೆ, ಆದರೆ ಅದು ದೀರ್ಘವಾದ ದಾರಿ. ಇದನ್ನು ಅರಿತ ಕೆಲವು ದಾನಿಗಳು ಪತ್ರ ಬರೆಸುವಾಗಲೇ, ನಿಗದಿಯಾದ ಸೇವೆ ಮುಂದೆ ನಡೆಯದಿದ್ದಲ್ಲಿ ಬಡ್ಡಿಯನ್ನು ಆಶ್ರಮದ ವಾಸಿಗಳ ಔಷಧಿಗೆ ಬಳಸತಕ್ಕದ್ದು ಎಂಬ ಒಂದು ಸಾಲನ್ನು ಕೊನೆಯಲ್ಲಿ ಸೇರಿಸುತ್ತಾರೆ.